ಎರಡನೇ ಚಾನಲ್ ಬಗ್ಗೆ ಅಳಿಯನಿಗೊಂದು ಪತ್ರ

ಮಡಿಕೇರಿ

ಚಿರಂಜೀವಿ ಅಳಿಯನಿಗೆ ಮಾವನ ಆಶೀರ್ವಾದಗಳು.

ನಿನ್ನ ಪತ್ರ ತಲುಪಿತು. ಹ್ಯಾಮ್, ಅಂದರೆ ಹವ್ಯಾಸಿ ರೇಡಿಯೊ ಪರೀಕ್ಷೆ ಪಾಸಾಗಿ ಲೈಸೆನ್ಸ್‌ಗೆ ಕಾಯುತ್ತಿರುವುದು, ಗುಜರಿಯಲ್ಲಿ ಕಂಪನಿ, ಇಲಾಖೆಗಳು ಬಳಸುವಂಥ ಒಳ್ಳೆಯ ಕಮರ್ಷಿಯಲ್ ವೈರ್‌ಲೆಸ್ ಸೆಟ್ ಸಿಕ್ಕಿದ್ದು, ಎಲ್ಲವೂ ಸಂತೋಷವೇ. ಆದರೆ ಒಂದು ಸಾಲು ರಾತ್ರಿ ನನ್ನನ್ನು ಮಲಗಗೊಡಲಿಲ್ಲ. ಎರಡನೇ ಚಾನಲ್‌ನಲ್ಲಿ ಸುಮ್ಮನೆ ಒಮ್ಮೆ ಪಿಟಿಟಿ, ಅಂದರೆ ಮಾತಾಡುವ ಗುಂಡಿ ಒತ್ತಿದೆಯಂತೆ, ಯಾರೋ "ಯಾರು, ಹೇಳಿ" ಎಂದರಂತೆ. ನೀನು ಅದನ್ನು ತಮಾಷೆಯಾಗಿ ಬರೆದಿದ್ದೀಯ. ಯಾರು ಮಾರಾಯ ಅವರು?

ಸೆಟ್ ಕೈ ಬದಲಾದರೂ ಹಳೆಯ ಒಡೆಯನ ಫ್ರೀಕ್ವೆನ್ಸಿಗಳು, ಅವರ ಗುಂಪಿನ ಗುರುತಿನ ಟೋನ್‌ಗಳು ಅದರ ಮೆಮೊರಿಯಲ್ಲಿ ಹಾಗೆಯೇ ಇರುತ್ತವೆ. ಹ್ಯಾಮ್ ಸೆಟ್ ಆದರೆ ಫ್ರೀಕ್ವೆನ್ಸಿ ಕಣ್ಣೆದುರಿಗೇ ಕಾಣುತ್ತದೆ. ಇದರ ಮುಖದಲ್ಲಿ ಇರುವುದು 1, 2 ಎಂಬ ಅಂಕಿ ಮಾತ್ರ. 2 ಎಂದರೆ ಯಾರ ಮನೆಯ ಬಾಗಿಲು ಎಂದು ನಿನಗೆ ಹೇಗೆ ತಿಳಿಯಬೇಕು?

ಕಾನೂನಿನ ಭಯವೂ ಇದೆ. 1933ರ ವೈರ್‌ಲೆಸ್ ಟೆಲಿಗ್ರಫಿ ಕಾಯಿದೆ ಬಂದಾಗಿನಿಂದ ಲೈಸೆನ್ಸ್ ಇಲ್ಲದೆ ಸೆಟ್ ಇಟ್ಟುಕೊಳ್ಳುವುದೇ ಅಪರಾಧ, ಮಾತನಾಡುವುದಂತೂ ಇರಲಿ. ಆದರೆ ನಿದ್ದೆ ಕೆಡಿಸಿದ್ದು ಅದಲ್ಲ.

ನಾನು ವೈರ್‌ಲೆಸ್ ಕೋಣೆಯಲ್ಲಿ ರಾತ್ರಿ ಪಾಳಿ ಮಾಡುತ್ತಿದ್ದ ಕಾಲ. ಒಂದು ಮಳೆಗಾಲ ಭಾಗಮಂಡಲದ ಕಡೆಯಿಂದ ಕ್ಷೀಣವಾದ ದನಿ ಬಂತು. ಸಂಗಮದ ನೀರು ರಸ್ತೆಗೆ ಏರಿ ನಾಪೋಕ್ಲು ದಾರಿ ಮುಚ್ಚುವುದು ಅಲ್ಲಿ ಹೊಸತಲ್ಲ, ಅದೇ ವರದಿ ಇರಬೇಕೆಂದು ಪೆನ್ನು ಹಿಡಿದೆ. "ಎರಡು ಮನೆ" ಎಂಬಷ್ಟು ಕೇಳಿಸಿತು. ಆಗ ಇನ್ನೆಲ್ಲಿಂದಲೋ ಯಾರೋ ಗುಂಡಿ ಒತ್ತಿದರು. ಮಾತಿಲ್ಲ, ಬರೀ ಕ್ಯಾರಿಯರ್, ಅಂದರೆ ದನಿಯಿಲ್ಲದ ರೇಡಿಯೊ ಅಲೆ. ಇಂಥ ಸೆಟ್‌ಗಳು ಬಳಸುವ ಎಫ್‌ಎಂನ ಗುಣ ನೀನು ಪರೀಕ್ಷೆಗೇ ಓದಿರುತ್ತೀಯ: ಒಂದೇ ಫ್ರೀಕ್ವೆನ್ಸಿಯಲ್ಲಿ ಎರಡು ಸಿಗ್ನಲ್ ಬಂದರೆ ಬಲವಾದದ್ದು ಇನ್ನೊಂದನ್ನು ಪೂರ್ತಿ ಅಡಗಿಸುತ್ತದೆ. ಕ್ಯಾರಿಯರ್ ನಿಂತಾಗ ಆ ದನಿ ಇರಲಿಲ್ಲ. ಎಷ್ಟು ಕರೆದರೂ ಉತ್ತರವಿಲ್ಲ. ಲಾಗ್ ಪುಸ್ತಕದಲ್ಲಿ "ಎರಡು ಮನೆ" ಎಂದು ಬರೆದು, ಮುಂದೆ ಜಾಗ ಬಿಟ್ಟು, ಬೆಳಿಗ್ಗೆಯ ಪಾಳಿಗೆ ಒಪ್ಪಿಸಿ ಮನೆಗೆ ಹೋದೆ. ಆ ಜಾಗ ತುಂಬಿತೋ ಇಲ್ಲವೋ ಮತ್ತೆ ನೋಡಲಿಲ್ಲ. ಈಗ ನೋಡಬೇಕೆನಿಸುತ್ತದೆ, ಯಾರನ್ನು ಕೇಳಲಿ? 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡ ಕುಸಿದಾಗಲೂ ನನಗೆ ನೆನಪಾದದ್ದು ಆ ಅರ್ಧ ಮಾತೇ.

ನಿನಗೆ ಅಷ್ಟು ಬೇಗ ಉತ್ತರ ಬಂತೆಂದರೆ ಅಲ್ಲಿ ಯಾರೋ ಇನ್ನಾರದೋ ಕರೆಗೆ ಕಾಯುತ್ತಿದ್ದರು. ಅದನ್ನು ಯೋಚಿಸಿದೆಯಾ?

ಗೊತ್ತಿರುವುದನ್ನೇ ಹೇಳುತ್ತಿದ್ದರೆ ಬೇಸರಿಸಬೇಡ. ಸೆಟ್ಟನ್ನು ಕಂಪ್ಯೂಟರ್‌ಗೆ ಜೋಡಿಸುವ ಪ್ರೋಗ್ರಾಮಿಂಗ್ ಕೇಬಲ್ ಸಿಕ್ಕಿದರೆ ಮೊದಲು ಸೆಟ್‌ನಲ್ಲಿರುವುದನ್ನು ಓದಿಸಿ ಪ್ರತಿ ಉಳಿಸಿಕೊಳ್ಳಬೇಕು, ಆಮೇಲೆ ಹಳೆಯ ಚಾನಲ್ ಒಂದನ್ನೂ ಬಿಡದೆ ಅಳಿಸಬೇಕು. ತೀರಾ ಹಳೆಯ ಮಾದರಿಯಾದರೆ ಪ್ರೋಗ್ರಾಂ ಹಳೆಯ ಕಂಪ್ಯೂಟರ್‌ಗಳ ಡಾಸ್‌ನಲ್ಲೇ ಓಡುವಂಥದ್ದು. ಈಗಿನ ವೇಗದ ಕಂಪ್ಯೂಟರ್‌ನಲ್ಲಿ ಬರೆಯುವಾಗ ಅರ್ಧಕ್ಕೆ ನಿಂತು ಸೆಟ್ಟೇ ಕೆಟ್ಟೀತು. ವಿಎಚ್‌ಎಫ್ ಫ್ರೀಕ್ವೆನ್ಸಿಗಳಲ್ಲಿ ನಮ್ಮ ಹ್ಯಾಮ್‌ಗಳ ಪಾಲು 144ರಿಂದ 146 ಮೆಗಾಹರ್ಟ್ಸ್. ನಿನ್ನದು 146ರಿಂದ 174ರ ಸೆಟ್ ಆಗಿದ್ದರೆ ಕೆಳಗಿಳಿಸಿದಾಗ ಲಾಕ್ ಆಗದೇ, ಅಂದರೆ ಫ್ರೀಕ್ವೆನ್ಸಿಯಲ್ಲಿ ನೆಲೆ ನಿಲ್ಲದೇ ಹೋಗಬಹುದು. ಹಾಗಾದರೆ ಸ್ಕ್ರೂ ಡ್ರೈವರ್ ಹಿಡಿದು ಒಳಗೆ ಕೈ ಹಾಕಬೇಡ. ಪರೀಕ್ಷೆ ಮಾಡುವುದೇನಿದ್ದರೂ ಆಂಟೆನಾ ಬಿಚ್ಚಿ, ಸಿಗ್ನಲ್ ಹೊರಗೆ ಹೋಗದಂತೆ ನುಂಗುವ ಡಮ್ಮಿ ಲೋಡ್ ಹಾಕಿ ಮಾಡು. ಇನ್ನೂ ಏನೋ ಹೇಳಬೇಕಿತ್ತು, ಫ್ಯೂಸ್ ವಿಷಯ ಇರಬೇಕು, ಇರಲಿ.

ನನ್ನ ಹ್ಯಾಮ್ ಲೈಸೆನ್ಸ್ ಇನ್ನೂ ಚಾಲ್ತಿಯಲ್ಲಿದೆ. ನಿನ್ನದು ಕೈಗೆ ಬರುವವರೆಗೆ ಸೆಟ್ ನನ್ನ ಬಳಿ ಇರಲಿ, ಈ ಭಾನುವಾರ ಬಂದು ನಾನೇ ಒಯ್ಯುತ್ತೇನೆ. ಅಲ್ಲಿಯವರೆಗೆ ಮೈಕ್ ಬಿಚ್ಚಿ ಅಕ್ಕನ ಬೀರುವಿನಲ್ಲಿಡು. ಬೀಗದ ಕೈ ಅವಳ ಬಳಿಯೇ ಇರಲಿ, ನಿನ್ನ ಬಳಿ ಬೇಡ.

ನಿನ್ನ ಮಾವ