ಏರುವಾಗ ಸುಮ್ನಿದ್ದು ಇಳಿಸೋಕೆ ಓಡಿ ಬಂದರು

ಮಾನ್ಯರೇ,

2024ರ ಜನವರಿಯಲ್ಲಿ ನಮ್ಮ ಕೆರಗೋಡಿನ ಪಂಚಾಯಿತಿ ಜಾಗದ ಕಂಬಕ್ಕೆ ಏರಿಸಿದ್ದ ಹನುಮ ಧ್ವಜವನ್ನು ಅಧಿಕಾರಿಗಳು ಇಳಿಸಿದರಲ್ಲ, ಆ ಗಲಾಟೆ ಆಗ ದಿನಾ ನಿಮ್ಮ ಪತ್ರಿಕೆಯಲ್ಲಿ ಬರುತ್ತಿತ್ತು. ಯಾವ ಪಕ್ಷದವರು ಏನಂದರು ಅನ್ನೋದೆಲ್ಲ ಓದಿದೆ. ಆ ಸೋಮವಾರ ಮಂಡ್ಯಕ್ಕೆ ಹೊರಟಿದ್ದ ನಮ್ಮಂಥವರ ಪಾಡು ಮಾತ್ರ ಒಂದು ಸಾಲೂ ಬಂದಿಲ್ಲ.

ಅಮ್ಮನ ಕಣ್ಣಿನ ಪೊರೆ ತೆಗೆಸುವುದಕ್ಕೆ ಮೊದಲು ಶುಗರ್ ನೋಡಿಸಬೇಕಿತ್ತು. ಖಾಲಿ ಹೊಟ್ಟೆಯಲ್ಲೇ ಬನ್ನಿ ಅಂದಿದ್ದರು. ಧ್ವಜ ಇಳಿಸಿದ್ದನ್ನು ವಿರೋಧಿಸಿ ಕೆರಗೋಡಿನಿಂದ ಮಂಡ್ಯಕ್ಕೆ ಪಾದಯಾತ್ರೆ ಹೊರಟಿತ್ತಲ್ಲ, ಬಸ್ಸು ನಡುದಾರಿಯಲ್ಲೇ ನಿಂತಿತು. ‘ಇಳ್ಕಳಿ, ಮುಂದಕ್ಕೆ ಹೋಗಲ್ಲ’ ಅಂದ ಕಂಡಕ್ಟರ್. ಅಮ್ಮನದು ಫ್ರೀ ಟಿಕೆಟ್, ನನ್ನ ದುಡ್ಡು ಹೋಯಿತು. ಆಟೋದವನು ಡಬಲ್ ಕೇಳಿದ, ಕೊಟ್ಟೆ. ಮಂಡ್ಯ ಸೇರುವಷ್ಟರಲ್ಲಿ ಅಲ್ಲಿ ಲಾಠಿ ಏಟು ಬೀಳುತ್ತಿತ್ತು. ಲ್ಯಾಬಿನವರು ಶಟರ್ ಎಳೆದಿದ್ದರು. ಹಸಿದ ಅಮ್ಮನಿಗೆ ಒಂದು ಲೋಟ ಕಾಫಿ ಕೊಡಿಸೋಣ ಅಂದರೆ ಹೋಟೆಲೂ ಇಲ್ಲ. ಆಮೇಲೆ ಮಂಡ್ಯ ಬಂದ್‌ಗೆ ಬೇರೆ ಕರೆ ಕೊಟ್ಟರು. ಸಂತೋಷ!

ಹನುಮ ಧ್ವಜ ಹಾರಿಸೋದು ತಪ್ಪಾ? ನನ್ನ ಪ್ರಕಾರ ಅಲ್ಲ. ಅವರವರ ಮನೆ ಮೇಲೆ, ಗುಡಿ ಮೇಲೆ ಯಾವ ಬಣ್ಣದ ಬಾವುಟ ಬೇಕಾದರೂ ಕಟ್ಟಿಕೊಳ್ಳಲಿ. ರಾಷ್ಟ್ರಗೀತೆ ಹಾಡದೆ ಸುಮ್ನೆ ಎದ್ದು ನಿಂತಿದ್ದ ಕೇರಳದ ಮೂವರು ಮಕ್ಕಳನ್ನು ಶಾಲೆಯಿಂದ ಹೊರಗೆ ಹಾಕಿದಾಗ, 1986ರಲ್ಲಿ ಸುಪ್ರೀಂ ಕೋರ್ಟೇ ಮಕ್ಕಳ ಪರ ನಿಂತಿತು. ಬಾಯಿ ಮುಚ್ಚಿಕೊಂಡಿರೋದಕ್ಕೂ ಹಕ್ಕಿದೆ ಅಂದ ಮೇಲೆ ಬಾವುಟಕ್ಕೆ ಇಲ್ಲವಾ? ಆದರೆ ಪಂಚಾಯಿತಿ ಜಾಗದ ಕಂಬ ಊರಿನ ಎಲ್ಲರದು. ಅಲ್ಲಿ ಒಬ್ಬರ ಬಾವುಟ ಏರಿದರೆ ನಾಳೆ ಇನ್ನೊಬ್ಬರು ತರುತ್ತಾರೆ.

ಆ 108 ಅಡಿ ಕಂಬಕ್ಕೆ ಅನುಮತಿ ಕೊಟ್ಟಿದ್ದು ರಾಷ್ಟ್ರಧ್ವಜ, ಕನ್ನಡ ಬಾವುಟಕ್ಕೆ ಮಾತ್ರ ಅಂತ ಸರ್ಕಾರ ಹೇಳಿತು. ಸರಿ ಸ್ವಾಮಿ, ಹನುಮ ಧ್ವಜ ಏರುವಾಗ ಇವರೆಲ್ಲ ಎಲ್ಲಿದ್ದರು? ಅಷ್ಟು ಎತ್ತರದ ಬಾವುಟ ಕಣ್ಣಿಗೆ ಬೀಳಲಿಲ್ಲವಾ? ನಮ್ಮಮ್ಮನಿಗಾದರೆ ಪೊರೆ ಬಂದಿದೆ, ಸಾಹೇಬರಿಗೇನಾಗಿತ್ತು? ಆಮೇಲೆ ಪೊಲೀಸರನ್ನು ಕಟ್ಟಿಕೊಂಡು ಬಂದು ಇಳಿಸಿದರು. ಕೊನೆಗೆ ಅಮಾನತಾಗಿದ್ದು ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ). ಮೇಲಿನವರಿಗೆ ಏನೂ ಆಗೋದಿಲ್ಲ ಬಿಡಿ.

ಕನ್ನಡ ಬಾವುಟದ್ದಾದರೂ ಇತ್ಯರ್ಥ ಆಗಿದೆಯಾ? 2018ರಲ್ಲಿ ಇದೇ ಸಿದ್ದರಾಮಯ್ಯನವರು ಹಳದಿ, ಬಿಳಿ, ಕೆಂಪಿನ ನಾಡಧ್ವಜ ತೋರಿಸಿ ದೆಹಲಿಗೆ ಕಳಿಸಿದರು. ಕಡತ ಅಲ್ಲೇ ಮಲಗಿದೆ. ನಾವು ಪ್ರತಿ ನವೆಂಬರ್‌ನಲ್ಲಿ ಏರಿಸೋ ಹಳದಿ-ಕೆಂಪು ಬಾವುಟಕ್ಕೂ ಕೇಂದ್ರದ ಮುದ್ರೆ ಇಲ್ಲ. ಅದನ್ನೂ ಇಳಿಸ್ತಾರಾ? ಇಳಿಸಲಿ ನೋಡೋಣ!

ಇಷ್ಟು ಚುರುಕಾದ ಅಧಿಕಾರಿಗಳು ನಮ್ಮ ಬೀದಿಯ ಕಂಬದ ಕಡೆಗೂ ಬರಬೇಕು. ಗಣಪತಿ ಹಬ್ಬದಿಂದ ದೀಪ ಉರಿಯುತ್ತಿಲ್ಲ. ಕೇಳಿದರೆ ‘ಬಲ್ಬ್ ಬಂದಿಲ್ಲ’, ‘ಏಣಿ ಇಲ್ಲ’. ಆಸ್ತಿ ದಾಖಲೆಯ ಇ-ಸ್ವತ್ತಿಗೆ ಹೋದರೆ ಸರ್ವರ್ ಇಲ್ಲ, ಸರ್ವರ್ ಇದ್ದ ದಿನ ಸಾಹೇಬರು ಮೀಟಿಂಗು. ಚರಂಡಿ ವಿಷಯ ಬರೆಯೋಕೆ ಹೋದರೆ ಜಾಗ ಸಾಲಲ್ಲ.

ಆದ್ದರಿಂದ ಸರ್ಕಾರಿ ಜಾಗದಲ್ಲಿ ರಾಷ್ಟ್ರಧ್ವಜ ಬಿಟ್ಟು ಮಿಕ್ಕ ಬಾವುಟಗಳನ್ನೆಲ್ಲ ನಿಷೇಧಿಸಿ. ಆಗದಿದ್ದರೆ ಯಾರು ಏನು ಬೇಕಾದರೂ ಹಾರಿಸಿಕೊಳ್ಳಲಿ ಅಂತ ಕೈ ತೊಳೆದುಕೊಳ್ಳಿ. ಏನೋ ಒಂದು ಮಾಡಿ. ಕೊಬ್ಬರಿಗೆ, ಕಬ್ಬಿಗೆ ಬೆಲೆ ಇಲ್ಲದೆ ರೈತರು ಕೂತಾಗ ಇತ್ತ ತಲೆ ಹಾಕದ ನಾಯಕರೆಲ್ಲ ಶಾಲು ಹೊದ್ದುಕೊಂಡು ರಸ್ತೆಗೆ ಇಳಿದರು. ಏರಿಸಿದವರಿಗೂ ಇಳಿಸಿದವರಿಗೂ ಒಂದಿಷ್ಟಾದರೂ ನಾಚಿಕೆ ಬೇಡವಾ?

– ನೊಂದ ಓದುಗ, ಕೆರಗೋಡು ಹೋಬಳಿ, ಮಂಡ್ಯ ತಾಲ್ಲೂಕು