ದುಡಿಯುವ ವಯಸ್ಸಿನ ನಗರ: ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ನಿನ್ನ ಪತ್ರ ಕೈಸೇರಿತು. ಈ ವರ್ಷವೂ ಅಡಿಕೆ ತೋಟಕ್ಕೆ ಎಲೆಚುಕ್ಕಿ ರೋಗ ತಗುಲಿದೆ ಎಂಬ ಸುದ್ದಿಯ ಕೊನೆಯಲ್ಲಿ "ನಿಮ್ಮ ಬೆಂಗಳೂರಿಗೆ ಇನ್ನೂ ಎಷ್ಟು ಜನ ಬೇಕಂತೆ?" ಎಂದು ಒಂದೇ ಸಾಲಿನಲ್ಲಿ ಕೇಳಿದ್ದೀಯ. ಉತ್ತರವನ್ನು ನಾಲ್ಕು ಜನ ಓದುವ ಹಾಗೆ ಬರೆಯುತ್ತಿದ್ದೇನೆ. ನಿನ್ನ ಪ್ರಶ್ನೆಯನ್ನು ಬೇರೆ ಬೇರೆ ಊರುಗಳ ತಂದೆತಾಯಂದಿರೂ ಮನಸ್ಸಿನಲ್ಲಿ ಕೇಳಿಕೊಳ್ಳುತ್ತಿರುತ್ತಾರೆ ಎಂದು ನನಗೆ ಅನ್ನಿಸಿದೆ. ಹಳದಿ ಕೊಡೆಯ ವಿಷಯವನ್ನು ಮಾತ್ರ ಇಲ್ಲಿ ಎತ್ತುವುದಿಲ್ಲ, ನೀನು ನಿಶ್ಚಿಂತನಾಗಿರು.

ನಾನು ಕೆಲಸಕ್ಕೆಂದು ಇಲ್ಲಿಗೆ ಬಂದದ್ದು 1985ರಲ್ಲಿ. ಅದಕ್ಕೆ ಮೊದಲಿನ 1981ರ ಜನಗಣತಿಯಲ್ಲಿ ಬೆಂಗಳೂರಿನ ಜನಸಂಖ್ಯೆ ಸುಮಾರು 29 ಲಕ್ಷ. 2011ರ ಹೊತ್ತಿಗೆ ಬೆಂಗಳೂರು ನಗರ ಜಿಲ್ಲೆಯೊಂದರಲ್ಲೇ 96 ಲಕ್ಷ ಜನರಿದ್ದರು. 2021ರಲ್ಲಿ ನಡೆಯಬೇಕಿದ್ದ ಗಣತಿ 2027ಕ್ಕೆ ಹೋಗಿರುವುದರಿಂದ ಈಗ ಎಲ್ಲರೂ ಅಂದಾಜಿನ ಮೇಲೆಯೇ ಮಾತನಾಡುತ್ತಿದ್ದಾರೆ. ಆದರೆ ಇರುವ ಅಂಕಿಗಳೇ ಒಂದು ಮಾತನ್ನು ಸ್ಪಷ್ಟವಾಗಿ ಹೇಳುತ್ತವೆ. 2001ರಿಂದ 2011ರವರೆಗೆ ಇಡೀ ಕರ್ನಾಟಕದ ಜನಸಂಖ್ಯೆ ಸುಮಾರು ಶೇ. 16ರಷ್ಟು ಹೆಚ್ಚಿದಾಗ ಈ ಜಿಲ್ಲೆಯದು ಶೇ. 47ರಷ್ಟು ಹೆಚ್ಚಿತು. ಇಲ್ಲಿ ಹೆಚ್ಚಿದ್ದು ತೊಟ್ಟಿಲುಗಳಲ್ಲ, ಬಸ್ಸು ರೈಲು ಇಳಿದು ಬಂದವರು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ರಾಜ್ಯದಲ್ಲಿ ಒಬ್ಬ ಹೆಣ್ಣುಮಗಳು ಸರಾಸರಿ 1.7 ಮಕ್ಕಳನ್ನು ಹೆರುತ್ತಾಳೆ. ಒಂದು ತಲೆಮಾರು ತನ್ನಷ್ಟೇ ದೊಡ್ಡ ಇನ್ನೊಂದು ತಲೆಮಾರನ್ನು ಬಿಟ್ಟುಹೋಗಲು 2.1 ಬೇಕು. ಹಾಗಿರುವಾಗ ಬೆಂಗಳೂರು ಬೆಳೆಯಬೇಕಾದರೆ ಇನ್ನೊಂದು ಊರಿನಲ್ಲಿ ಹುಟ್ಟಿ, ಅಲ್ಲಿಯೇ ಉಂಡು ಬೆಳೆದು, ದುಡಿಯುವ ವಯಸ್ಸಿಗೆ ಬಂದವರು ಇತ್ತ ಬರುತ್ತಲೇ ಇರಬೇಕು.

ಇದು ಹೊಸ ವಿಷಯವೇನಲ್ಲ. ಆದರೆ ಬರುವವರ ಸಂಖ್ಯೆಯ ಬಗ್ಗೆ, ಅವರ ಭಾಷೆಯ ಬಗ್ಗೆ ಇಷ್ಟು ವರ್ಷ ವಾದಿಸಿದ ನಾನು ಅವರ ವಯಸ್ಸಿನ ಬಗ್ಗೆ ಯೋಚಿಸಿರಲಿಲ್ಲ. ಬೆಳಗಿನ ಹೊತ್ತು ಕೆ.ಆರ್. ಪುರದಲ್ಲಿ ಮೆಟ್ರೊ ಹತ್ತಿ ಕಾಡುಗೋಡಿಯ ಕಡೆಗೆ ಹೋದರೆ ಹೂಡಿ, ಕುಂದಲಹಳ್ಳಿ, ನಲ್ಲೂರಹಳ್ಳಿ, ಪಟ್ಟಂದೂರು ಅಗ್ರಹಾರ ಎಂದು ಹಳ್ಳಿಗಳ ಹೆಸರನ್ನೇ ಕೂಗುತ್ತಾರೆ. ಡಬ್ಬಿಯಲ್ಲಿ ನಿಂತವರು ಮಾತ್ರ ಬಹುತೇಕ ಇಪ್ಪತ್ತೆರಡರಿಂದ ಮೂವತ್ತೈದರ ಒಳಗಿನವರು. ಆ ಹಳ್ಳಿಗಳ ರಾಗಿ ಹೊಲಗಳು ಈಗ ಐದಾರು ಅಂತಸ್ತಿನ ಪಿ.ಜಿ. ಕಟ್ಟಡಗಳಾಗಿವೆ. ಒಂದು ಕೋಣೆಗೆ ಮೂರು ಮಂಚ, ಮಂಚವೊಂದಕ್ಕೆ ಇಷ್ಟು ಬಾಡಿಗೆ, ಕೆಳಗೆ ಆಂಧ್ರ ಊಟ ಮತ್ತು ಉತ್ತರ ಭಾರತದ ಊಟ. ಹೊಲ ಕಳೆದುಕೊಂಡ ರೈತರ ಮಕ್ಕಳು ಬಾಡಿಗೆಯ ಮೇಲೆ ಬದುಕುತ್ತಾರೆ. ಬಾಡಿಗೆ ಕೊಡುವವರು ಎರಡು ಮೂರು ವರ್ಷಕ್ಕೊಮ್ಮೆ ಬದಲಾಗುತ್ತಾರೆ. ಆ ಕೋಣೆಯಲ್ಲಿ ಹೆರಿಗೆಗೆ ಜಾಗವಿಲ್ಲ, ಕಾಯಿಲೆ ಬಿದ್ದ ಅಪ್ಪನನ್ನು ಕರೆತಂದು ಮಲಗಿಸುವುದಕ್ಕೂ ಜಾಗವಿಲ್ಲ.

ನಾನು ಬಂದ ಕಾಲದ ಬೆಂಗಳೂರು ಹೀಗಿರಲಿಲ್ಲ ಎನ್ನುವಾಗ ಹಳೆಯದೆಲ್ಲ ಚಿನ್ನವೆಂದು ಹೇಳುತ್ತಿಲ್ಲ. ದೂರವಾಣಿ ಉಪಕರಣ ತಯಾರಿಸುವ ಸರ್ಕಾರಿ ಕಂಪನಿ ಐಟಿಐನ ದೂರವಾಣಿನಗರದ ಕಾರ್ಖಾನೆಗೆ ನಾನು ಸೇರಿದಾಗ ಅದರ ಜೊತೆಗೆ ಕ್ವಾರ್ಟರ್ಸ್, ಶಾಲೆ, ಆಸ್ಪತ್ರೆ, ಕ್ಯಾಂಟೀನು ಎಲ್ಲವೂ ಇದ್ದವು. ಕೆಲಸಕ್ಕೆ ತೆಗೆದುಕೊಂಡವರು ನಮ್ಮ ಮದುವೆಯನ್ನೂ ಮಕ್ಕಳನ್ನೂ ಮುಪ್ಪನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ನೌಕರರ ಸಹಕಾರ ಸಂಘಗಳು ಮಾಡಿದ ನಿವೇಶನಗಳಲ್ಲಿ ಐಟಿಐ ಬಡಾವಣೆ, ಬಿಇಎಂಎಲ್ ಬಡಾವಣೆ, ಬಿಇಎಲ್ ಬಡಾವಣೆ ಎಂಬ ಹೆಸರುಗಳು ಉಳಿದಿರುವುದು ಆ ಕಾರಣಕ್ಕೆ. ಅದೇ 1985ರಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿ ಬೆಂಗಳೂರಿನಲ್ಲಿ ತನ್ನ ಕೇಂದ್ರವನ್ನು ತೆರೆಯಿತು. ಪಾಳಿ ಮುಗಿಸಿ ಕ್ಯಾಂಟೀನಿನಲ್ಲಿ ಕೂರುತ್ತಿದ್ದ ನಮ್ಮ ಗುಂಪಿನಲ್ಲಿ ಅದರ ಸುದ್ದಿ ಕೇಳಿದವರು ಯಾರೂ ಇರಲಿಲ್ಲ. ಮುಂದೆ ಸ್ವಯಂನಿವೃತ್ತಿಯ ಕಾಲ ಬಂತು, ಸಾರ್ವಜನಿಕ ಉದ್ಯಮಗಳು ಕುಗ್ಗಿದವು, ನಗರದ ಸಂಪತ್ತು ಹತ್ತಾರು ಪಟ್ಟು ಹೆಚ್ಚಿತು. ಆದರೆ ಮನುಷ್ಯನ ಆಯುಷ್ಯವನ್ನು ಪೂರ್ತಿಯಾಗಿ ಒಪ್ಪಿಕೊಳ್ಳುತ್ತಿದ್ದ ಆರ್ಥಿಕತೆ ಹೋಗಿ, ಆಯುಷ್ಯದ ಹತ್ತು ಹದಿನೈದು ವರ್ಷಗಳನ್ನು ಮಾತ್ರ ಕೇಳುವ ಆರ್ಥಿಕತೆ ಬಂತು. ಈ ಬದಲಾವಣೆ ಉಳಿದೆಲ್ಲ ಬದಲಾವಣೆಗಳಿಗಿಂತ ದೊಡ್ಡದು ಎಂದು ಈಗ ನನಗೆ ಕಾಣುತ್ತದೆ.

ಗಾರ್ಮೆಂಟ್ಸ್ ಹೆಣ್ಣುಮಕ್ಕಳು ಇದನ್ನು ನಮಗಿಂತ ಮೊದಲೇ ತಿಳಿದಿದ್ದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲಿನ ಹಣವನ್ನು 58 ವರ್ಷ ತುಂಬುವವರೆಗೆ ತೆಗೆಯುವಂತಿಲ್ಲ ಎಂಬ ಕೇಂದ್ರದ ನಿಯಮದ ವಿರುದ್ಧ 2016ರ ಏಪ್ರಿಲ್‌ನಲ್ಲಿ ಅವರು ಸಾವಿರಾರು ಸಂಖ್ಯೆಯಲ್ಲಿ ಹೊಸೂರು ರಸ್ತೆಗೆ ಇಳಿದು ನಗರವನ್ನೇ ನಿಲ್ಲಿಸಿದ್ದು ನಿನಗೆ ನೆನಪಿರಬಹುದು. ಪತ್ರಿಕೆಗಳು ಅಂದು ಬಸ್ಸಿಗೆ ಬಿದ್ದ ಕಲ್ಲು, ಬೆಂಕಿಗಳ ಬಗ್ಗೆ ಹೆಚ್ಚು ಬರೆದವು. ನಿಯಮ ಮಾಡಿದವರ ಕಣ್ಣಲ್ಲಿ 58ರವರೆಗೆ ದುಡಿಯುವ ನೌಕರನೊಬ್ಬನಿದ್ದ. ಹೊಲಿಗೆ ಯಂತ್ರದ ಮುಂದೆ ಅಷ್ಟು ವರ್ಷ ಕೂರುವುದು ಸಾಧ್ಯವೇ ಇಲ್ಲ ಎಂಬುದು ಆ ಹೆಂಗಸರಿಗೆ ಮೈಯಿಂದಲೇ ಗೊತ್ತಿತ್ತು. ಸೊಂಟ ಸೋತ ದಿನ ಆ ಹಣ ಹಿಡಿದು ಊರಿಗೆ ಹೋಗಬೇಕು, ಮಗಳ ಮದುವೆಯನ್ನೋ ಮನೆಯ ಮಾಡನ್ನೋ ಮಾಡಿಸಬೇಕು. ಎರಡು ದಿನಗಳೊಳಗೆ ಸರ್ಕಾರ ನಿಯಮವನ್ನು ಹಿಂದಕ್ಕೆ ಪಡೆಯಿತು. ಅವರ ಧೈರ್ಯದ ಬಗ್ಗೆ ನನಗೆ ಇಂದಿಗೂ ಗೌರವವಿದೆ.

ಗುಳೆ ಬರುವವರ ಕಥೆ ಇನ್ನೂ ಕಠಿಣ. ಯಾದಗಿರಿ, ರಾಯಚೂರು, ಕಲಬುರಗಿಯಿಂದ ಸಂಸಾರ ಸಮೇತ ಬಂದವರು ತಾವು ಕಟ್ಟುತ್ತಿರುವ ಅಪಾರ್ಟ್‌ಮೆಂಟಿನ ಪಕ್ಕದಲ್ಲೇ ತಗಡಿನ ಶೆಡ್ಡಿನಲ್ಲಿ ಇರುತ್ತಾರೆ. ಕಟ್ಟಡ ಮುಗಿದ ದಿನ ಶೆಡ್ಡೂ ಎದ್ದುಹೋಗುತ್ತದೆ. ಬಿಹಾರ, ಒಡಿಶಾ, ಬಂಗಾಳದಿಂದ ಬಂದವರು ಬಹುಪಾಲು ಒಂಟಿ ಗಂಡಸರು. 2020ರ ಮೇ ತಿಂಗಳಲ್ಲಿ, ಕೊರೊನಾ ಲಾಕ್‌ಡೌನಿನ ನಡುವೆ, ಅವರು ಊರಿಗೆ ಹೊರಟು ನಿಂತಾಗ ನಮ್ಮ ಸರ್ಕಾರ ಮೊದಲು ರೈಲುಗಳನ್ನು ನಿಲ್ಲಿಸಿ, ಎಲ್ಲ ಕಡೆಯಿಂದ ಟೀಕೆ ಬಂದ ಮೇಲೆ ಮತ್ತೆ ಓಡಿಸಿತು. ಹೋದವರು ಹೋದರೆ ಕಟ್ಟಡ ಕಟ್ಟುವವರು ಯಾರು ಎಂಬ ಆತಂಕ ಅಷ್ಟು ಬಹಿರಂಗವಾಗಿ ಕಂಡದ್ದು ಅದೇ ಮೊದಲು. ಅದೇ ವರ್ಷ ನಿನ್ನ ಪತ್ರಗಳು ಎಷ್ಟು ಗೆಲುವಾಗಿದ್ದವು! ಮನೆಯಿಂದಲೇ ಕೆಲಸ ಮಾಡುವ ಹುಡುಗರೆಲ್ಲ ಊರಿಗೆ ಬಂದು, ನೆಟ್‌ವರ್ಕ್ ಹುಡುಕಿಕೊಂಡು ಗುಡ್ಡ ಹತ್ತಿ ಕೂತಿದ್ದಾರೆ, ಸಂಜೆ ವಾಲಿಬಾಲಿಗೆ ಎರಡು ತಂಡ ಆಗುವಷ್ಟು ಜನರಿದ್ದಾರೆ ಎಂದು ಬರೆದಿದ್ದೆ. ಸಾಗರ ಪಟ್ಟಣದ ಸುತ್ತಿನ ನಮ್ಮ ಹಳ್ಳಿಗಳಲ್ಲಿ ಎಲ್ಲ ವಯಸ್ಸಿನವರೂ ಒಟ್ಟಿಗೆ ಕಂಡದ್ದಕ್ಕೆ ಒಂದು ಮಹಾಮಾರಿ ಬೇಕಾಯಿತು.

ಬೆಂಗಳೂರಿನವರು ಒಂದು ಮಾತನ್ನು ಮತ್ತೆ ಮತ್ತೆ ಹೇಳುತ್ತಾರೆ: ನಮ್ಮ ತೆರಿಗೆಯಿಂದಲೇ ರಾಜ್ಯ ನಡೆಯುತ್ತಿದೆ ಎಂದು. ಮಾತು ಸುಳ್ಳಲ್ಲ. ರಾಜ್ಯದ ಒಟ್ಟು ಉತ್ಪನ್ನದ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚು ಈ ಒಂದು ಜಿಲ್ಲೆಯದು. ಇಲ್ಲಿಯ ತಲಾ ಆದಾಯ ಕಲಬುರಗಿಯದರ ನಾಲ್ಕು ಪಟ್ಟಿಗೂ ಮಿಗಿಲು. ನಿನ್ನ ಸಂಬಳವೂ ಆ ಬೊಕ್ಕಸದಿಂದಲೇ ಬಂದಿತು. ಆದರೆ ಆ ಉತ್ಪನ್ನವನ್ನು ಮಾಡುವ ಕೈಗಳನ್ನು ಬೆಳೆಸಿದವರು ಯಾರು? ನೀನು ಮಗ್ಗಿ ಕಲಿಸಿದ ಮಕ್ಕಳು ಇಂದು ಇಲ್ಲಿಯ ಪಿ.ಜಿ.ಗಳಲ್ಲಿದ್ದಾರೆ, ನೀನು ಮುಖ್ಯೋಪಾಧ್ಯಾಯನಾಗಿದ್ದ ಶಾಲೆಯಲ್ಲಿ ದಾಖಲಾತಿ ಎರಡಂಕಿ ದಾಟುವುದಿಲ್ಲ. ಸಸಿಮಡಿ ನಿಮ್ಮದು, ಫಸಲು ನಮ್ಮದು. ಇಪ್ಪತ್ತೆರಡು ವರ್ಷದ ಅನ್ನ, ಅಕ್ಷರ, ಆರೈಕೆಯನ್ನು ಹಳ್ಳಿ ಭರಿಸುತ್ತದೆ, ದುಡಿದು ಸೋತ ಮೈಯನ್ನೂ ಹಳ್ಳಿಯೇ ಹಿಂದಕ್ಕೆ ಪಡೆಯುತ್ತದೆ. ನಡುವಿನ ಲಾಭದ ವರ್ಷಗಳು ಮಾತ್ರ ನಗರದ ಲೆಕ್ಕಕ್ಕೆ ಸೇರುತ್ತವೆ. 2002ರಲ್ಲಿ ಪ್ರಾದೇಶಿಕ ಅಸಮತೋಲನದ ಅಧ್ಯಯನ ಮಾಡಿದ ನಂಜುಂಡಪ್ಪ ಸಮಿತಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ ಅನುದಾನದ ಮಾತನ್ನಾಡಿತು. ಅನುದಾನ ಎಂಬುದಕ್ಕಿಂತ ಅದನ್ನು ಸಾಲದ ಮರುಪಾವತಿ ಎಂದು ನೋಡಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಭಾಷೆಯ ಜಗಳವೂ ಇದರೊಳಗೇ ಇದೆ. 2011ರಲ್ಲೇ ಈ ಜಿಲ್ಲೆಯಲ್ಲಿ ಕನ್ನಡ ಮನೆಮಾತಾಗಿದ್ದವರು ಅರ್ಧಕ್ಕಿಂತ ಕಡಿಮೆ. ಅದರ ನೋವು ನನಗೂ ಇದೆ. ಆದರೆ ಮೂರು ವರ್ಷದಲ್ಲಿ ಹೊರಡುವೆನೆಂದು ತಿಳಿದವನು ಪಕ್ಕದ ಮನೆಯವರ ಹೆಸರನ್ನೇ ಕೇಳಿಕೊಳ್ಳುವುದಿಲ್ಲ, ಭಾಷೆಯನ್ನು ಎಲ್ಲಿ ಕಲಿತಾನು? ನಮ್ಮ ಜೊತೆ ಕ್ವಾರ್ಟರ್ಸಿನಲ್ಲಿದ್ದ ತಮಿಳರು, ಮಲಯಾಳಿಗಳು ಕನ್ನಡ ಕಲಿತದ್ದು ಇಲ್ಲಿಯೇ ಮುದುಕರಾಗುತ್ತೇವೆಂದು ಗೊತ್ತಿದ್ದ ಕಾರಣ.

ಇಷ್ಟಕ್ಕೆ ನಿಲ್ಲಿಸಬೇಕೆಂದಿದ್ದೆ, ಆಗುತ್ತಿಲ್ಲ. ನಿವೃತ್ತಿಯಾದ ಮೇಲೆ ಊರಿಗೆ ಬಂದುಬಿಡುತ್ತೇನೆ ಎಂದು ನಿನಗೆ ಪ್ರತಿ ಸಲವೂ ಹೇಳುತ್ತ ಬಂದಿದ್ದೇನೆ, ನೀನೂ ಪ್ರತಿ ಸಲ ಹೂಂ ಎಂದಿದ್ದೀಯ. ನನಗೆ ಬರುವ ಆಸೆ ಇಲ್ಲ, ಗೆಳೆಯ. ಇಲ್ಲಿ ಹೃದ್ರೋಗದ ಆಸ್ಪತ್ರೆ ಹತ್ತಿರವಿದೆ, ಬೆಳಗಿನ ನಡಿಗೆಯ ಜೊತೆಗಾರರಿದ್ದಾರೆ. ಅಲ್ಲಿಯ ಮಳೆಗಾಲವನ್ನು ಎದುರಿಸುವ ಶಕ್ತಿ ನನ್ನಲ್ಲಿ ಉಳಿದಿಲ್ಲ. ಅಮ್ಮ ತನ್ನ ಕೊನೆಯ ವರ್ಷಗಳನ್ನು ಆ ದೊಡ್ಡ ಮನೆಯಲ್ಲಿ ಒಬ್ಬಳೇ ಕಳೆದಳು, ಎಂದರೆ ನಿನ್ನ ಮತ್ತು ಅತ್ತಿಗೆಯ ಆಸರೆಯಲ್ಲಿ ಕಳೆದಳು. ಮೇಲೆ ಬರೆದ ಲೆಕ್ಕದಲ್ಲಿ ಹಳ್ಳಿ ಭರಿಸುತ್ತದೆ ಎಂದದ್ದು ನಿಮ್ಮಿಬ್ಬರನ್ನೇ ನೆನೆದು. ಈಗ ಮಗಳು ಬೆಂಗಳೂರನ್ನೂ ದಾಟಿ ಜರ್ಮನಿಯಲ್ಲಿ ನೆಲೆಸಿದ್ದಾಳೆ, ಅವಳ ದೇಶಕ್ಕೂ ದುಡಿಯುವ ವಯಸ್ಸಿನವರೇ ಬೇಕಾಗಿದ್ದಾರೆ. ನಮ್ಮ ಬೀದಿಯ ಮನೆಗಳಲ್ಲಿ ಇಬ್ಬಿಬ್ಬರು ವೃದ್ಧರು, ಮೇಲಿನ ಮಹಡಿಯಲ್ಲಿ ನಮ್ಮ ಹೆಸರೂ ಗೊತ್ತಿಲ್ಲದ ಹುಡುಗರು. ರಾತ್ರಿ ಎದೆ ಹಿಡಿದುಕೊಂಡರೆ ಯಾರ ಬಾಗಿಲು ತಟ್ಟಲಿ ಎಂಬ ಭಯ ನನಗಿದೆ. ಇದನ್ನು ನನ್ನ ಹೆಂಡತಿಗೂ ಹೇಳಿಲ್ಲ, ನಿನಗೆ ಹೇಳುತ್ತಿದ್ದೇನೆ, ಇಷ್ಟು ಜನರ ಎದುರಿನಲ್ಲಿ.

ಇರಲಿ, ಮಾತು ಭಾರವಾಯಿತು. ಅಡಿಕೆ ಕೊನೆ ಕೊಯ್ಯುವವರು ಸಿಕ್ಕಿದರೇ? ಒಣಗಿಸಿ ಚಾಲಿ ಮಾಡುತ್ತೀಯೋ, ಹಸಿಯನ್ನೇ ಕೊಟ್ಟುಬಿಡುತ್ತೀಯೋ? ದೀಪಾವಳಿಗೆ ನಾವಿಬ್ಬರೂ ತಾಳಗುಪ್ಪ ರೈಲಿಗೆ ಬರುತ್ತಿದ್ದೇವೆ. ಮೇಲಿನ ಮಹಡಿಯ ಹುಡುಗರಲ್ಲಿ ಒಬ್ಬ ಶಿರಸಿಯ ಕಡೆಯವನೆಂದು ಮೊನ್ನೆ ತಿಳಿಯಿತು. ಹಬ್ಬಕ್ಕೆ ರಜೆಯಿಲ್ಲವಂತೆ, ಅವನಿಗೂ ಸೇರಿಸಿ ಅಪ್ಪೆಮಿಡಿ ಉಪ್ಪಿನಕಾಯಿ ಕಟ್ಟಿಕೊಡಲು ಅತ್ತಿಗೆಗೆ ಹೇಳು. ಕುಂಬಳಕಾಯಿ ಭಟ್ಟರ ಕಥೆಯನ್ನು ಅವರ ಎದುರು ನಾನು ತೆಗೆಯುವುದಿಲ್ಲ, ನೀನೂ ತೆಗೆಯಬೇಡ.

ನಿನ್ನ
ಗೆಳೆಯ