ಟ್ರಿಯಾನದ ವಠಾರ

ಪ್ರಿಯ ಗೆಳೆಯಾ,

ಸ್ಪೇನ್ ಪ್ರವಾಸ ಎಲ್ಲಿಗೆ ಬಂತೆಂದು ನೀನು ಮೂರು ಸಲ ಕೇಳಿದ್ದೀಯ, ಮೂರು ಸಲವೂ ನಾನು ಹೆಬ್ಬೆರಳಿನ ಚಿತ್ರ ಕಳಿಸಿ ಜಾರಿಕೊಂಡಿದ್ದೇನೆ. ನಿನಗೊಬ್ಬನಿಗೇ ಬರೆದರೆ ಉತ್ತರಿಸುವುದಿಲ್ಲ, ನಾಲ್ಕು ಜನ ನೋಡುತ್ತಿದ್ದಾರೆಂದರೆ ಕೂಡಲೇ ಬರೆಯುತ್ತೀಯ ಎಂಬುದು ಹಿಂದೆಯೇ ಸಾಬೀತಾಗಿರುವುದರಿಂದ, ಈ ಪತ್ರವನ್ನು ಎಲ್ಲರಿಗೂ ಕಾಣುವಂತೆಯೇ ಹಾಕುತ್ತಿದ್ದೇನೆ.

ಮ್ಯಾಡ್ರಿಡ್‌ನಲ್ಲಿ ಇಳಿದು, 1992ರ ವಿಶ್ವ ಮೇಳದ ಹೊತ್ತಿಗೆ ಆರಂಭವಾದ ಅತಿವೇಗದ ರೈಲು ಹತ್ತಿ, ಎರಡೂವರೆ ಗಂಟೆಯಲ್ಲಿ ಸೆವಿಲ್ ಸೇರುವುದು ನನ್ನ ಯೋಜನೆ. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಮೆರವಣಿಗೆ ನೋಡಬೇಕು. ಮೂರ್ತಿಗಳ ಮಂಟಪವನ್ನು ಹೊರುವವರು ಇಳಿಬಿಟ್ಟ ಬಟ್ಟೆಯ ಮರೆಯಲ್ಲಿ, ಕತ್ತಿನ ಹಿಂಬದಿಯ ಮೇಲೆ ಭಾರ ಹೊತ್ತು ನಡೆಯುತ್ತಾರೆ. ಹೊರಗಿನವರಿಗೆ ಕಾಣುವುದು ಅವರ ಪಾದಗಳಷ್ಟೇ. ಎರಡು ವಾರ ಬಿಟ್ಟು ನಡೆಯುವ ಜಾತ್ರೆಯನ್ನು ಮಾತ್ರ ಕೈಬಿಟ್ಟೆ. ಅಲ್ಲಿ ಹಾಕುವ ಸಾವಿರಕ್ಕೂ ಮಿಕ್ಕ ಪಟ್ಟೆ ಬಟ್ಟೆಯ ಡೇರೆಗಳಲ್ಲಿ ಬಹುಪಾಲು ಖಾಸಗಿಯವು, ಒಳಗಿನವರು ಕರೆಯದೆ ಹೋಗುವಂತಿಲ್ಲ. ಕರೆಯದ ಊಟಕ್ಕೆ ಹೋಗುವ ವಿದ್ಯೆ ನಮ್ಮಿಬ್ಬರಿಗೂ ಕರಗತವೇ ಆದರೂ, "ನಾವು ಹುಡುಗನ ಕಡೆಯವರು" ಎಂದು ಸ್ಪ್ಯಾನಿಷ್‌ನಲ್ಲಿ ಹೇಳುವುದನ್ನು ನಾನಿನ್ನೂ ಕಲಿತಿಲ್ಲ.

ತೊಡಕಾದದ್ದು ಉಳಿಯುವ ಜಾಗದ ವಿಷಯದಲ್ಲಿ. ನದಿಯ ಆಚೆ ದಡದ ಟ್ರಿಯಾನ ಎಂಬ ಹಳೆಯ ಕೇರಿಯಲ್ಲಿ, ದಿನದ ಲೆಕ್ಕದಲ್ಲಿ ಕೊಡುವ ಒಂದು ಮನೆ ಸಿಕ್ಕಿತು. ಫೋಟೊದಲ್ಲಿ ನಡುವೆ ಅಂಗಳ, ಸುತ್ತ ಎರಡು ಅಂತಸ್ತಿನ ಕೋಣೆಗಳು, ಮೂಲೆಯಲ್ಲಿ ಬಟ್ಟೆ ಒಗೆಯುವ ಕಲ್ಲಿನ ತೊಟ್ಟಿ, ತೊಟ್ಟಿಯ ತುಂಬ ಈಗ ಹೂವಿನ ಗಿಡ. ಅವರು 'ಕೊರ್ರಾಲ್ ದೆ ವೆಸೀನೋಸ್' ಎನ್ನುವುದು ನಮ್ಮ ವಠಾರವನ್ನೇ: ಸಂಸಾರಕ್ಕೊಂದೆರಡು ಕೋಣೆ, ಎಲ್ಲರಿಗೂ ಸೇರಿ ಒಂದು ಅಂಗಳ. ನಮ್ಮ ಉಪಖಂಡದಿಂದ ಎಂದೋ ಹೊರಟು 15ನೇ ಶತಮಾನದಲ್ಲಿ ಸ್ಪೇನ್ ಮುಟ್ಟಿದ ರೋಮಾ ಜನರ ವಂಶದವರು, ಅಲ್ಲಿಯ ಮಾತಿನಲ್ಲಿ ಹಿತಾನೋಗಳು, ಟ್ರಿಯಾನದಲ್ಲಿ ಕಮ್ಮಾರಿಕೆ ಮಾಡಿಕೊಂಡು, ಇಂಥ ಅಂಗಳಗಳಲ್ಲೇ ಫ್ಲಮೆಂಕೊ ಹಾಡಿ ಕುಣಿದು ಬೆಳೆಸಿದರು. 1950 ಮತ್ತು 60ರ ದಶಕಗಳಲ್ಲಿ ಅವರ ವಠಾರಗಳನ್ನು ಖಾಲಿ ಮಾಡಿಸಿ, ಬಹುಪಾಲು ಸಂಸಾರಗಳನ್ನು ಊರಾಚೆಯ ಬಡಾವಣೆಗಳಿಗೆ ಎತ್ತಂಗಡಿ ಮಾಡಲಾಯಿತು. ಯುನೆಸ್ಕೊ ಫ್ಲಮೆಂಕೊವನ್ನು ತನ್ನ ಪರಂಪರೆಯ ಪಟ್ಟಿಗೆ ಸೇರಿಸಿಕೊಂಡದ್ದು 2010ರಲ್ಲಿ. ಈಗ ಸುಮಾರು 4.9 ಕೋಟಿ ಜನರ ಆ ದೇಶಕ್ಕೆ 2024ರಲ್ಲಿ ಸುಮಾರು 9.4 ಕೋಟಿ ವಿದೇಶಿ ಪ್ರವಾಸಿಗರು ಬಂದಿದ್ದರು. ಬಾಡಿಗೆ ಮನೆ ಸಿಗದೆ ರೋಸಿದ ಬಾರ್ಸಿಲೋನದವರು ಆ ವರ್ಷದ ಜುಲೈನಲ್ಲಿ ಪ್ರವಾಸಿಗರ ಮೇಲೆ ನೀರಿನ ಪಿಸ್ತೂಲು ಹಾರಿಸಿದ್ದನ್ನು ನೀನೇ ನನಗೆ ಕಳಿಸಿ ನಕ್ಕಿದ್ದೆ.

ಇಷ್ಟನ್ನೆಲ್ಲ ಓದಿಯೂ ಮುಂಗಡ ಕಟ್ಟಲು ಹೊರಟವನು ಕಾರ್ಡಿನ ಅಂಕಿಗಳ ಹತ್ತಿರ ನಿಂತುಬಿಟ್ಟೆ, ಏಕೆಂದರೆ ಆ ದುಡ್ಡು ಎಲ್ಲಿಂದ ಬಂದದ್ದೆಂದು ನಿನಗೆ ಹೇಳಿಲ್ಲ. ನಮ್ಮ ಮೈಸೂರಿನ ಮನೆಯ ಮಹಡಿಯಲ್ಲಿ ಹದಿನೇಳು ವರ್ಷ ಬಾಡಿಗೆಗಿದ್ದ ಮೇಷ್ಟ್ರು, ಏಳನೇ ತರಗತಿಯಲ್ಲಿ ನಿನ್ನ ಕಿವಿ ಹಿಂಡಿದ ಅದೇ ಮೇಷ್ಟ್ರು, ಮಗಳ ಮನೆಗೆ ಹೋದರೆಂದು ಹೇಳಿದ್ದೆನಲ್ಲ, ಅದು ಸುಳ್ಳು. ದಸರೆಯ ಹತ್ತು ದಿನ ಪ್ರವಾಸಿಗರಿಗೆ ಕೊಟ್ಟರೆ ಅವರ ಎಂಟು ತಿಂಗಳ ಬಾಡಿಗೆ ಒಮ್ಮೆಗೇ ಕೈಸೇರುತ್ತದೆಂದು ಲೆಕ್ಕ ಹಾಕಿ, ರಿಪೇರಿಯ ನೆಪ ಹೇಳಿ, ನಾನೇ ಅವರನ್ನು ಬಿಡಿಸಿದೆ. ಅವರು ವಾದ ಮಾಡಲಿಲ್ಲ. ಮಹಡಿಯನ್ನೆಲ್ಲ ಗುಡಿಸಿ, ಬೀಗದ ಕೈಯನ್ನು ಲಕೋಟೆಯಲ್ಲಿ ಹಾಕಿ, ಅದರ ಮೇಲೆ ನನ್ನ ಹೆಸರನ್ನು ಹಾಜರಿ ಪುಸ್ತಕದಲ್ಲಿ ಬರೆಯುತ್ತಿದ್ದ ಹಾಗೆಯೇ ಇನಿಷಿಯಲ್ ಸಮೇತ ಬರೆದು ಕೊಟ್ಟು ಹೋದರು. ಅವರು ಛತ್ರಿ ನೇತುಹಾಕುತ್ತಿದ್ದ ಮೊಳೆಯಲ್ಲಿ ಈಗ ಜಂಬೂಸವಾರಿಯ ಚಿತ್ರವಿದೆ. "ಅಪ್ಪಟ ಮೈಸೂರಿನ ಅನುಭವ" ಎಂದು ಜಾಹೀರಾತು ಬರೆದವನೂ ನಾನೇ, ಅದನ್ನು ಬರೆಯುವಾಗ ಖುಷಿಯಾಗಿದ್ದೆ ಎಂಬುದನ್ನೂ ಹೇಳಿಬಿಡುತ್ತೇನೆ.

ಇದನ್ನೆಲ್ಲ ಬರೆಯಬೇಕೆಂದು ಕುಳಿತಿರಲಿಲ್ಲ. ನಿನ್ನ ದೊಡ್ಡ ಸೂಟ್‌ಕೇಸು ಖಾಲಿ ಇದೆಯೇ ಎಂದು ಕೇಳಲು ಕುಳಿತಿದ್ದೆ. ಓದುತ್ತಿರುವ ಉಳಿದವರು ದಯಮಾಡಿ ಸಮಾಧಾನ ಹೇಳಬೇಡಿ, ಹೇಳಿದರೆ ನಾನು ಒಪ್ಪಿಕೊಂಡುಬಿಡುತ್ತೇನೆ. ಟ್ರಿಯಾನದ ಮನೆಯನ್ನು ಬಿಟ್ಟು, ರೈಲು ನಿಲ್ದಾಣದ ಬಳಿ ಯಾವ ಪರಂಪರೆಯ ಹಂಗೂ ಇಲ್ಲದ ಒಂದು ಹೋಟೆಲಿನಲ್ಲಿ ಕೋಣೆ ಹಿಡಿದಿದ್ದೇನೆ. ಇದರಿಂದ ಮೇಷ್ಟ್ರಿಗೆ ಮೂರು ಕಾಸಿನ ಪ್ರಯೋಜನವಿಲ್ಲ, ಗೊತ್ತು.

ಅಲ್ಲಿನ ಅಡುಗೆಮನೆಗಳು ರಾತ್ರಿ ಒಂಬತ್ತರ ಆಸುಪಾಸಿಗೆ ಬಾಗಿಲು ತೆರೆಯುತ್ತವಾದ್ದರಿಂದ, ಏಳೂವರೆಗೆ ತಟ್ಟೆ ಹಿಡಿದು ಕೂರುವ ನೀನು ಬರದಿರುವುದೇ ಸ್ಪೇನಿಗೆ ಕ್ಷೇಮ. ಮಳೆ ಹನಿದರೆ ಮೂರ್ತಿಗಳನ್ನು ಹೊರಗೆ ತರುವುದಿಲ್ಲ, ಏಪ್ರಿಲ್‌ನಲ್ಲಿ ಹನಿಯುವುದೂ ಉಂಟು. ಆದ್ದರಿಂದ ನಿನ್ನ ಮನೆಯಲ್ಲಿರುವ ನನ್ನ ಛತ್ರಿಯನ್ನು, ಅದು ನನ್ನದೆಂದು ನೀನು ಇನ್ನೂ ಒಪ್ಪದಿದ್ದರೂ, ಸೂಟ್‌ಕೇಸಿನ ಜೊತೆಗೇ ಕಳಿಸು.

ಇಂತು,
ನಿನ್ನ ಗೆಳೆಯ